ನಾದದ ಉದಯಾಸ್ತಗಳು

ವೀಣೆಯ ಷಡ್ಜವನ್ನೂ ಕೊಳಲಿನ ಷಡ್ಜವನ್ನೂ ಒಂದೇ ಶ್ರುತಿಯಲ್ಲಿ ನುಡಿಸಿದರೂ ಚಿಕ್ಕ ಮಗುವು ಕೂಡ ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು. ಸ್ವರವು ಒಂದೇ ಆಗಿರುವಾಗ ಈ ಭೇದವು ಎಲ್ಲಿ ಅಡಗಿದೆ? ಇಂದು ಗಣಕಯಂತ್ರದೊಳಗಿನ ಸಾಫ್ಟ್‌ವೇರ್ ಸಿಂಥಸೈಸರ್ ಎಂಬ ವಾದ್ಯವನ್ನು ನುಡಿಸುವವರ ವಶದಲ್ಲಿ ಎನ್ವಲಪ್, ಫಿಲ್ಟರ್ ಎಂಬ ಎರಡು ಸಾಧನಗಳಿವೆ. ಅವುಗಳ ಹುಟ್ಟನ್ನು ವಿಚಾರಿಸಿದರೆ ಈ ಪ್ರಶ್ನೆಗೆ ಉತ್ತರವು ದೊರೆತ ಬಗೆಯೂ ತಿಳಿದುಬರುವುದು.

ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳೂ ಧ್ವನಿಸುತ್ತವೆ. ಅವುಗಳ ಬಲಾಬಲಗಳಿಂದಲೇ ನಾದಕ್ಕೆ ಗುಣಭೇದವುಂಟಾಗುವುದು ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತನು 1863ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ನಾದವು ಹುಟ್ಟುವ ಮತ್ತು ಅಡಗುವ ರೀತಿಗಳನ್ನು ಆತನು ಗಮನಿಸಿದ್ದರೂ ತನ್ನ ವಿಚಾರವನ್ನು ಸ್ಥಿರವಾಗಿ ನಿಲ್ಲುವ ನಾದಕ್ಕೇ ಮಿತಗೊಳಿಸಿದನು.

ಬಿಟ್ಟುಹೋದ ಅಂಶದ ಮಹತ್ತ್ವವು 1948ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಪಷ್ಟವಾಯಿತು. ಅಲ್ಲಿಯ ರೇಡಿಯೋದಲ್ಲಿದ್ದ ಪಿಯೆರ್ ಶೆಫೆರ್ ಎಂಬಾತನು ಗಂಟೆಯ ನಾದವನ್ನು ಮುದ್ರಿಸಿ, ಬಡಿತದ ಮೊದಲ ಕ್ಷಣವನ್ನು ಕಳೆದು, ಉಳಿದ ನಾದವು ತಗ್ಗದಂತೆ ಸರಿದೂಗಿಸಿ ಕೇಳಿದನು. ಅದು ಓಬೋ ಎಂಬ ಊದುವ ವಾದ್ಯದಂತೆ ಕೇಳಿಸಿತು! ಹುಟ್ಟನ್ನು ಕಳೆದುಕೊಂಡ ಗಂಟೆಯು ಗಂಟೆಯಾಗಿಯೇ ಉಳಿಯಲಿಲ್ಲ.

1957ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಮ್ಯಾಕ್ಸ್ ಮ್ಯಾಥ್ಯೂಸನು ರಚಿಸಿದ ಕ್ರಮವಿಧಿಯಿಂದ ಐಬಿಎಂ 704 ಎಂಬ ಗಣಕಯಂತ್ರವು 17 ಸೆಕೆಂಡುಗಳ ಕೃತಿಯೊಂದನ್ನು ನುಡಿಯಿತು. ಸ್ವರದ ಎತ್ತರ, ಬಲ, ಅವಧಿ ಇಷ್ಟೇ ಅದರ ಅಧೀನದಲ್ಲಿದ್ದವು. ಉದಯಾಸ್ತಗಳನ್ನು ನಿಯಮಿಸುವ ಉಪಾಯವಿರಲಿಲ್ಲ.

ಆ ಉಪಾಯವು ವಿದ್ಯುತ್ ವಾದ್ಯಗಳಲ್ಲಿ ರೂಪುಗೊಂಡ ಕಥೆ ಸ್ವಾರಸ್ಯವಾಗಿದೆ. 1964ರಲ್ಲಿ ರಾಬರ್ಟ್ ಮೋಗ್ ಎಂಬ ಎಂಜಿನಿಯರನೂ ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರನೂ ಕೂಡಿ ನ್ಯೂಯಾರ್ಕ್ ಸಂಸ್ಥಾನದ ಟ್ರುಮನ್ಸ್‌ಬರ್ಗಿನಲ್ಲಿ ಪ್ರಯೋಗ ನಡೆಸುತ್ತಿದ್ದರು. ಸ್ವರವನ್ನು ತಿದ್ದಿ ನುಡಿಸುವ ಬಗೆ ಬೇಕೆಂದು ಡಾಯ್ಚನು ಕೇಳಲು, ಮೋಗನು ಬಾಗಿಲಗಂಟೆಯ ಗುಂಡಿಯೊಂದನ್ನು ಅಂಗಡಿಯಿಂದ ತರಿಸಿ, ಒತ್ತಿದರೆ ನಾದವು ಏರುವಂತೆಯೂ ಬಿಟ್ಟರೆ ಇಳಿಯುವಂತೆಯೂ ಜೋಡಿಸಿದನು. 1965ರಲ್ಲಿ ವ್ಲಾಡಿಮಿರ್ ಉಸಾಚೆವ್ಸ್ಕಿ ಎಂಬ ಸಂಗೀತರಚಕನು ಈ ರೇಖೆಯನ್ನು ನಾಲ್ಕಾಗಿ ವಿಂಗಡಿಸಿದನು: ಮೊದಲ ಏರಿಕೆ, ಅದರ ಬೆನ್ನಿಗೆ ಬರುವ ಇಳಿತ, ಕೈ ಒತ್ತಿರುವವರೆಗಿನ ನಿಲುಗಡೆ, ಬಿಟ್ಟ ಮೇಲಿನ ಅಡಗುವಿಕೆ. ಇದೇ ಇಂದಿನ ಎನ್ವಲಪ್.

ಮೋಗನು 1969ರಲ್ಲಿ ಪೇಟೆಂಟ್ ಪಡೆದ ಫಿಲ್ಟರು ಜರಡಿಯ ಹಾಗೆ. ಗೊತ್ತುಮಾಡಿದ ಮಿತಿಗಿಂತ ಮೇಲಿನ ಉಪಸ್ವರಗಳನ್ನು ಅದು ಅಷ್ಟಕವೊಂದಕ್ಕೆ ಸುಮಾರು 24 ಡೆಸಿಬೆಲ್ಲಿನಂತೆ ಕುಗ್ಗಿಸುವುದು. ಆ ಮಿತಿಯನ್ನೇ ಎನ್ವಲಪ್ಪಿನಿಂದ ಏರಿಸಿ ಇಳಿಸಿದಾಗ ಎರಡೂ ಸಾಧನಗಳು ಒಂದುಗೂಡುತ್ತವೆ. ಈ ಸಂಯೋಗವು ಪ್ರಕೃತಿಗೆ ಅನುಗುಣವಾದದ್ದೇ. ತುತ್ತೂರಿಯ ನಾದವು ಬಲವಾದಷ್ಟೂ ಮೇಲಿನ ಉಪಸ್ವರಗಳು ಹೆಚ್ಚುವುವೆಂದು ಅದೇ ದಶಕದಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಫ್ರಾನ್ಸಿನ ಜಾಂ-ಕ್ಲೋದ್ ರಿಸೆ ಎಂಬಾತನು ಗಣಕಯಂತ್ರದ ನೆರವಿನಿಂದ ತೋರಿಸಿದ್ದನು.

ಶತಮಾನದ ಕೊನೆಗೆ ತಂತಿ, ಗುಂಡಿಗಳೆಲ್ಲವೂ ಅಂಕಿಗಳಾಗಿ ಗಣಕಯಂತ್ರವನ್ನು ಹೊಕ್ಕವು. ಅಲ್ಲಿ ಗರಗಸದ ಹಲ್ಲಿನಂತಹ ಅಲೆಯೊಂದನ್ನು ಆರಿಸಿ, ಏರಿಕೆಯನ್ನು 2 ಮಿಲಿಸೆಕೆಂಡಿಗೂ ನಿಲುಗಡೆಯನ್ನು ಸೊನ್ನೆಗೂ ಇಟ್ಟು, ಫಿಲ್ಟರು ಬೇಗನೆ ಮುಚ್ಚುವಂತೆ ಮಾಡಿದರೆ ಮೀಟಿದ ತಂತಿಯ ಭಾವ ಬರುವುದು. ಅಲೆಯನ್ನು ಬದಲಿಸದೆ ಏರಿಕೆಗೆ ಅರ್ಧ ಸೆಕೆಂಡನ್ನೂ ನಿಲುಗಡೆಗೆ ಪೂರ್ಣ ಬಲವನ್ನೂ ಕೊಟ್ಟು ಫಿಲ್ಟರನ್ನು ಮೆಲ್ಲನೆ ತೆರೆದರೆ ಕಮಾನಿನಿಂದ ಎಳೆದ ತಂತಿಯ ಭಾವ ಬರುವುದು.

ಯಂತ್ರದ ನಾದವು ನಿರ್ಜೀವವೆಂಬ ಆಕ್ಷೇಪಣೆಯನ್ನು ರಸಿಕರಿಂದ ನಾವು ಕೇಳುತ್ತೇವೆ. ಆ ಕೊರತೆಯು ವಿದ್ಯುತ್ತಿನದಲ್ಲ. ಬಹುಮಟ್ಟಿಗೆ, ಕಾಲದೊಡನೆ ಮಾರ್ಪಡದಿರುವುದರದು ಎಂಬುದನ್ನು ಈ ಚರಿತ್ರೆಯು ತೋರಿಸುತ್ತದೆ. ಆದರೂ ಆಕ್ಷೇಪಣೆಯು ಪೂರ್ತಿಯಾಗಿ ತೀರಲಿಲ್ಲವೆಂದು ಒಪ್ಪಬೇಕು. ಒಮ್ಮೆ ಗೊತ್ತುಮಾಡಿದ ರೇಖೆಯು ಪ್ರತಿ ಸ್ವರಕ್ಕೂ ಹಾಗೆಯೇ ಮರುಕಳಿಸುವುದು. ವೈಣಿಕನ ಬೆರಳಾದರೋ ಒಂದು ಮೀಟಿನಂತೆ ಇನ್ನೊಂದನ್ನು ಮೀಟದು. ಆ ರೇಖೆಯನ್ನು ಸ್ವರಸ್ವರಕ್ಕೂ ತಿದ್ದುವ ತಾಳ್ಮೆಯು ನುಡಿಸುವವನಿಂದಲೇ ಬರಬೇಕು.