ತೂತು ವಡೆ ಮತ್ತು ರಾಕೆಟ್ಟು

ಮೇಲೆ ಹೋದ ರಾಕೆಟ್ ವಾಪಸ್ ಬಂದು ನೆಟ್ಟಗೆ ನಿಂತುಕೊಳ್ಳೋ ವೀಡಿಯೋ ನೀವೆಲ್ಲ ನೋಡಿರ್ತೀರಿ. ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಒಂದೇ ಕುತೂಹಲ: ಇಳಿಯುವ ದಾರಿಯನ್ನು ಅದು ಲೆಕ್ಕ ಹಾಕೋದು ಹೇಗೆ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ವಡೆ!

1969ರ ಜುಲೈ 20ರಂದು ಅಪೋಲೋ 11 ಚಂದ್ರನ ಮೇಲೆ ಇಳಿದಾಗ ಅದರ ಕಂಪ್ಯೂಟರಿನಲ್ಲಿ ಬರೆದು ಅಳಿಸಬಹುದಾದ ಮೆಮೊರಿ ಇದ್ದದ್ದು ಬರೀ 2048 ಪದಗಳಷ್ಟು. ಅಷ್ಟರಲ್ಲಿ ಆಗುವಂಥ ಸರಳ ಸೂತ್ರ ಬಳಸಿದರು: ಈಗಿರುವ ಜಾಗದಿಂದ ಗುರಿಗೆ ಒಂದು ನಯವಾದ ವಕ್ರರೇಖೆ. ಅತಿ ಕಡಿಮೆ ಇಂಧನದ ದಾರಿ ಯಾವುದೆಂದು ಅದು ಹುಡುಕುತ್ತಿರಲಿಲ್ಲ. ಗುರಿಯಲ್ಲಿ ಬಂಡೆಗಳು ಕಂಡಾಗ ಆರ್ಮ್‌ಸ್ಟ್ರಾಂಗ್ ತಾವೇ ನಡೆಸಿ ಮುಂದೆ ಇಳಿಸಿದರು.

ಮಂಗಳದಲ್ಲಿ, ಮನುಷ್ಯರಿಲ್ಲದ ನೌಕೆ ಹೇಳಿದ ಜಾಗದಲ್ಲೇ ಇಳಿಯಬೇಕು ಅಂದರೆ? ತೊಡಕು ಇಲ್ಲಿದೆ. ರಾಕೆಟ್ ಎಂಜಿನ್ನನ್ನು ಒಂದು ಮಿತಿಗಿಂತ ಕಡಿಮೆ ಉರಿಸಲಾಗದು. ನೂಕುಬಲಕ್ಕೆ ಮೇಲಿನ ಮಿತಿಯಂತೆ ಕೆಳಗಿನ ಮಿತಿಯೂ ಉಂಟು. ಎಲ್ಲ ದಿಕ್ಕಿಗೂ ಸೇರಿಸಿ ಚಿತ್ರ ಬರೆದರೆ ಅದೇ ಉದ್ದಿನವಡೆ: ಸುತ್ತ ಹಿಟ್ಟು, ನಡುವೆ ತೂತು. ತೂತು, ತಗ್ಗು ಇಲ್ಲದ ಆಕಾರವಾದರೆ ("ಕಾನ್ವೆಕ್ಸ್" ಅಂತಾರೆ) ಅತ್ಯುತ್ತಮ ಉತ್ತರ ಬೇಗ ಸಿಕ್ಕೇ ಸಿಗುತ್ತದೆ. ತೂತಿದ್ದರೆ ಆ ಭರವಸೆ ಇಲ್ಲ. ನೆಲ ಹತ್ತಿರ ಬರುತ್ತಿರುವಾಗ ಕಂಪ್ಯೂಟರು "ಸ್ವಲ್ಪ ಇರಿ" ಅಂದರೆ ಕಥೆ ಮುಗೀತು.

2007ರಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಬೆಹ್ಚೆತ್ ಆಚಿಕ್‌ಮೆಶೆ ಮತ್ತು ಸ್ಕಾಟ್ ಪ್ಲೊಯೆನ್ ಒಂದು ಉಪಾಯ ಪ್ರಕಟಿಸಿದರು. ಲೆಕ್ಕಕ್ಕೆ ಹೆಚ್ಚುವರಿ ಚರಾಕ್ಷರವೊಂದನ್ನು ಸೇರಿಸಿ, ಇಂಧನದ ಬಿಲ್ಲನ್ನು ಅದರ ಮೇಲೆ ಹಾಕಿ, ತೂತನ್ನು ಮುಚ್ಚಿಯೇಬಿಟ್ಟರು! ಮೋಸ ಅನ್ನಿಸುತ್ತೆ ಅಲ್ವಾ? ಆದರೆ ಅತ್ಯುತ್ತಮ ಉತ್ತರ ಮುಚ್ಚಿದ ಜಾಗದಲ್ಲಿ ಬೀಳುವುದೇ ಇಲ್ಲ, ಹಿಟ್ಟಿನ ಮೇಲೇ ಬೀಳುತ್ತದೆ ಎಂದು ಗಣಿತದಿಂದ ಸಾಧಿಸಿ ತೋರಿಸಿದರು.

2013ರಲ್ಲಿ ಅಮೆರಿಕದ ಮೊಜಾವೆ ಮರುಭೂಮಿಯಲ್ಲಿ 'ಜಾಂಬಿ' ಎಂಬ ಪುಟ್ಟ ರಾಕೆಟ್ ಹಾರುತ್ತಿರುವಾಗಲೇ ಈ ರೀತಿ ಹೊಸ ದಾರಿ ಲೆಕ್ಕ ಹಾಕಿ, ಸುಮಾರು 750 ಮೀಟರ್ ಪಕ್ಕಕ್ಕೆ ಸರಿದು ಇಳಿಯಿತು.

ಈ ಕೆಲಸದಲ್ಲಿ ಜೊತೆಯಾಗಿದ್ದ ಲಾರ್ಸ್ ಬ್ಲ್ಯಾಕ್‌ಮೋರ್ ಅಷ್ಟರಲ್ಲಿ ಸ್ಪೇಸ್‌ಎಕ್ಸ್ ಸೇರಿದ್ದರು. ಅಲ್ಲಿನ ಫಾಲ್ಕನ್ 9ರ ಕಷ್ಟ ಇನ್ನೂ ದೊಡ್ಡದು. ಇಂಧನ ಮುಗಿಯುತ್ತಾ ಬಂದಾಗ ಅದೆಷ್ಟು ಹಗುರ ಎಂದರೆ, ಒಂದೇ ಎಂಜಿನ್ನನ್ನು ಕನಿಷ್ಠದಲ್ಲಿ ಉರಿಸಿದರೂ ಮತ್ತೆ ಮೇಲಕ್ಕೇರುತ್ತದೆ. ಗಾಳಿಯಲ್ಲಿ ನಿಂತು ಯೋಚಿಸುವಂತಿಲ್ಲ. ವೇಗ, ಎತ್ತರ ಎರಡೂ ಒಂದೇ ಕ್ಷಣಕ್ಕೆ ಸೊನ್ನೆಯಾಗಬೇಕು. 2015ರ ಜನವರಿಯಲ್ಲಿ ದಿಕ್ಕು ತಿದ್ದುವ ರೆಕ್ಕೆಗಳ ಹೈಡ್ರಾಲಿಕ್ ದ್ರವ ಮುಗಿದು ಹಡಗಿಗೆ ಅಪ್ಪಳಿಸಿತು. ಏಪ್ರಿಲ್‌ನಲ್ಲಿ ಥ್ರಾಟಲ್ ಕವಾಟ ತಡವಾಗಿ ಸ್ಪಂದಿಸಿ ಉರುಳಿಬಿತ್ತು. ಎಲ್ಲರ ಮನೆ ದೋಸೆಯೂ ತೂತೇ! ಕೊನೆಗೆ ಡಿಸೆಂಬರ್ 21ರ ರಾತ್ರಿ ಫ್ಲೋರಿಡಾದ ನೆಲದ ಮೇಲೆ ನೆಟ್ಟಗೆ ನಿಂತಿತು.

ಎಂಜಿನಿಯರಿಂಗ್ ಓದುವಾಗ ನಾನು "ಪ್ರೂಫ್ ಪರೀಕ್ಷೆಗೆ ಬರಲ್ಲ ಬಿಡೋ" ಅಂತ ಪುಟ ಹಾರಿಸಿ ಸೂತ್ರ ಮಾತ್ರ ಬಾಯಿಪಾಠ ಮಾಡುತ್ತಿದ್ದೆ. ಆ ರಾಕೆಟ್ಟು ನೆಟ್ಟಗೆ ನಿಂತದ್ದರ ಹಿಂದೆ ಅಂಥದ್ದೇ ಒಂದು ಪ್ರೂಫ್ ಇತ್ತು. ಈಗ ಹಳೇ ಪುಸ್ತಕ ಹುಡುಕ್ತಾ ಇದ್ದೀನಿ...