ರಟ್ಟಮತ ಮತ್ತು ಉಣಕಲ್ಲಿನ ಗಾಳಿ

ಕಲ್ಯಾಣ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯಕ್ಕೂ ವಿಶಾಲವಾದ ಕೆರೆಗೂ ಹೆಸರಾದ ಉಣಕಲ್, ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿದೆ. ಕಾರವಾರದ ಕಡಲು ಇಲ್ಲಿಂದ ನೇರ ದಾರಿಯಲ್ಲಿ ಸುಮಾರು 120 ಕಿ.ಮೀ. ದೂರ. ಜೂನ್ ತಿಂಗಳಲ್ಲಿ ನೈಋತ್ಯದಿಂದ ಬೀಸುವ ಗಾಳಿ ಕಾರವಾರ, ಅಂಕೋಲಾ, ಹೊನ್ನಾವರಗಳನ್ನು ಹಾಯ್ದು ಸಹ್ಯಾದ್ರಿಯನ್ನು ಏರುವಾಗ ತನ್ನ ನೀರಿನ ಬಹುಭಾಗವನ್ನು ಅಲ್ಲಿಯೇ ಸುರಿಸುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿ.ಮೀ.ಗೂ ಮಿಕ್ಕುವ ಮಳೆ, ಉಣಕಲ್ಲಿನ ಸುತ್ತ 1000 ಮಿ.ಮೀ.ಗಿಂತ ಕಡಿಮೆ. ಒಂದೇ ಗಾಳಿ ಮೀನುಗಾರನಿಗೆ ದೋಣಿಯನ್ನು ದಡಕ್ಕೆಳೆಯುವ ಸೂಚನೆ. ಉಣಕಲ್ಲಿನ ರೈತನಿಗೆ ಮಿರಗದ ಮಳೆಯ ನಿರೀಕ್ಷೆ.

ಮಳೆ ಗಾಳಿಗಳ ಲಕ್ಷಣವನ್ನು ವಿಚಾರಿಸುವ ಶಾಸ್ತ್ರಸಾಹಿತ್ಯ ಕನ್ನಡದಲ್ಲಿ ಹೊಸದಲ್ಲ. ಕ್ರಿ.ಶ. 1300ರ ಸುಮಾರಿನ ಜೈನಕವಿ ರಟ್ಟಕವಿಯ ‘ರಟ್ಟಮತ’ ಮಳೆ, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳನ್ನು ವಿವರಿಸುವ ಕೃತಿ. ‘ರಟ್ಟಸೂತ್ರ’ವೆಂದೂ ಇದಕ್ಕೆ ಹೆಸರುಂಟು. ಮುಂದೆ ಇದು ತೆಲುಗಿಗೂ ಅನುವಾದಗೊಂಡಿತು. ಲೋಕವನ್ನು ಘನೋದಧಿ, ಘನವಾತ, ತನುವಾತಗಳೆಂಬ ಮೂರು ವಲಯಗಳು ಆವರಿಸಿವೆ ಎಂದು ನಂಬುವ, ವಾಯುಕಾಯಿಕ ಜೀವಗಳನ್ನು ಒಪ್ಪುವ ಜೈನ ಪರಂಪರೆಗೆ ಗಾಳಿಯ ವಿಚಾರ ಹೊರಗಿನದಾಗಿರಲಿಲ್ಲ. ಆದರೂ ಸಾಹಿತ್ಯಚರಿತ್ರೆಗಳು ಈ ಗ್ರಂಥಕ್ಕೆ ಕೆಲವೇ ಸಾಲುಗಳನ್ನು ಮೀಸಲಿಡುತ್ತವೆ. ಒಂದು ಪಕ್ಷ ಇದನ್ನು ಶಕುನದ ಪುಸ್ತಕವೆಂದು ಬದಿಗಿಟ್ಟರೆ, ಇನ್ನೊಂದು ಪಕ್ಷ ಪ್ರಾಚೀನ ವಿಜ್ಞಾನವೆಂದು ಕೊಂಡಾಡುತ್ತದೆ. ಎರಡರಲ್ಲಿಯೂ ಪರೀಕ್ಷೆಯ ಶ್ರಮವಿಲ್ಲ.

ಪರೀಕ್ಷೆ ಹೇಗೆ ಸಾಧ್ಯ? ಭಾರತೀಯ ವೃಷ್ಟಿಶಾಸ್ತ್ರದ ಪ್ರಮುಖ ಆಕರವಾದ ವರಾಹಮಿಹಿರನ ‘ಬೃಹತ್ಸಂಹಿತೆ’ (6ನೆಯ ಶತಮಾನ) ಎರಡು ನಿದರ್ಶನಗಳನ್ನು ಒದಗಿಸುತ್ತದೆ. ಮೊದಲನೆಯದು ಮೇಘಗರ್ಭದ ಸಿದ್ಧಾಂತ. ಮಾರ್ಗಶಿರದಿಂದ ಮುಂದೆ ಉತ್ತರ, ಈಶಾನ್ಯ, ಪೂರ್ವ ದಿಕ್ಕುಗಳ ಮೃದುವಾದ ಗಾಳಿ ಗರ್ಭದ ಶುಭಲಕ್ಷಣ. 195 ದಿನಗಳ ಬಳಿಕ ಅದು ಮಳೆಯಾಗಿ ಪ್ರಸವಿಸುತ್ತದೆ. ನವೆಂಬರ್ 22ಕ್ಕೆ 195 ದಿನಗಳನ್ನು ಕೂಡಿಸಿದರೆ ಜೂನ್ 5 ಬರುತ್ತದೆ. ಮುಂಗಾರು ಕರ್ನಾಟಕವನ್ನು ಪ್ರವೇಶಿಸುವ ಹೊತ್ತು ಹೆಚ್ಚುಕಡಿಮೆ ಅದೇ. ಚಳಿಗಾಲದಲ್ಲಿ ಉಣಕಲ್ಲಿನ ಮೇಲೆ ಬೀಸುವುದೂ ಮೂಡಣ ಗಾಳಿಯೇ. ವರ್ಷಾರ್ಧದಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ ಎಂಬ ನಿಜವಾದ ಅವಲೋಕನ ಈ ಸೂತ್ರದ ಹಿಂದಿದೆ. ಆದರೆ ಒಂದು ದಿನದ ಗಾಳಿ ಇನ್ನೊಂದು ದಿನದ ಮಳೆಯನ್ನು ಹೆರುತ್ತದೆ ಎಂಬುದು ಅವಲೋಕನವಲ್ಲ, ಕಲ್ಪನೆ.

ಎರಡನೆಯದು ವಾತಚಕ್ರ. ಆಷಾಢ ಹುಣ್ಣಿಮೆಯ ಸೂರ್ಯಾಸ್ತದಲ್ಲಿ ಗಾಳಿ ಯಾವ ದಿಕ್ಕಿನದೆಂದು ನೋಡಿ ಆ ವರ್ಷದ ಫಲವನ್ನು ಹೇಳುವ ಕ್ರಮವಿದು. ಎಂಟು ದಿಕ್ಕುಗಳಿಗೆ ಬೇರೆಬೇರೆ ಫಲಗಳಿವೆ. ಆದರೆ ಆಷಾಢದಲ್ಲಿ ಉಣಕಲ್ಲಿನ ಮೇಲಾಗಲಿ ಹೊನ್ನಾವರದ ದಡದಲ್ಲಾಗಲಿ ಬೀಸುವುದು ಬಹುಪಾಲು ಪಡುವಣದ ಗಾಳಿಯೇ. ಅಲ್ಲಿ ಈ ಸೂತ್ರ ಬರಗಾಲದ ವರ್ಷಕ್ಕೂ ಸುಭಿಕ್ಷದ ವರ್ಷಕ್ಕೂ ಬಹುಮಟ್ಟಿಗೆ ಒಂದೇ ಉತ್ತರವನ್ನು ಕೊಡುತ್ತದೆ. ದಿಕ್ಕುಗಳ ಎಣಿಕೆ ಶಾಸ್ತ್ರದ ಅಗತ್ಯದಿಂದ ಬಂದದ್ದು, ಈ ನೆಲದ ಅನುಭವದಿಂದಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಈ ಭಾಗದ ಬೇಸಾಯ ಗಾಳಿಯ ತಿರುವನ್ನು ನಿಷ್ಠುರವಾಗಿ ಗಮನಿಸಿದೆ. ಪಡುವಣ ಗಾಳಿ ಇಳಿದು ಮೂಡಣ ಗಾಳಿ ತಲೆದೋರುವ ವೇಳೆಗೆ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆಗಳ ಬಿತ್ತನೆ ನಡೆಯುತ್ತದೆ. ಅಂದಾಜು ತಪ್ಪಿದರೆ ಬೀಜವೂ ಹೋಯಿತು, ವರ್ಷವೂ ಹೋಯಿತು.

1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಗೂ ಹಳೆಯ ಸೂತ್ರಕ್ಕೂ ಇರುವ ಮುಖ್ಯ ಭೇದ ಉಪಕರಣಗಳದ್ದು ಮಾತ್ರವಲ್ಲ. ಹೇಳಿದ್ದನ್ನೂ ನಡೆದದ್ದನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟು ತಪ್ಪನ್ನು ಎಣಿಸುವ ಪದ್ಧತಿ ಹಳೆಯ ಶಾಸ್ತ್ರದಲ್ಲಿ ಬೆಳೆಯಲಿಲ್ಲ. ಆದ್ದರಿಂದ ರಟ್ಟಮತದ ಸಂಶೋಧಕನ ಮುಂದಿರುವ ಕೆಲಸ ಸ್ಪಷ್ಟ: ಅದರ ಒಂದೊಂದು ಸೂತ್ರವನ್ನೂ ಸಂಸ್ಕೃತ ಆಕರದೊಡನೆ ಮಾತ್ರವಲ್ಲದೆ ಕನ್ನಡ ನಾಡಿನ ಗಾಳಿಯೊಡನೆಯೂ ಹೋಲಿಸಿ, ಪಡೆದದ್ದೆಷ್ಟು, ಕಂಡದ್ದೆಷ್ಟು ಎಂಬುದನ್ನು ಬೇರ್ಪಡಿಸುವುದು. ಕಂಡದ್ದು ಕೆಲವೇ ಸೂತ್ರಗಳಾದರೂ, ಏಳು ಶತಮಾನಗಳ ಹಿಂದೆ ಈ ನೆಲದಲ್ಲಿ ನಿಂತು ಆಕಾಶವನ್ನು ನೋಡಿದವರ ಸಾಕ್ಷ್ಯ ಅದರಲ್ಲಿರುತ್ತದೆ.