ಮೈಕ್ರೋವೇವ್‌ನಲ್ಲಿ ಅನ್ನ ಒಂದೆಡೆ ಸುಡು ಬಿಸಿ, ಇನ್ನೊಂದೆಡೆ ತಣ್ಣಗೆ: ಓವನ್ ಕೆಟ್ಟಿದೆಯೇ?
ಹೆಚ್ಚಿನ ಸಲ ಇಲ್ಲ. ವಿಕಿರಣ ಸೋರುತ್ತಿದೆ ಎಂಬುದರ ಲಕ್ಷಣವೂ ಇದಲ್ಲ. ಲೋಹದ ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರೊಡನೊಂದು ಸೇರಿ ಕೆಲವೆಡೆ ಬಲಗೊಳ್ಳುತ್ತವೆ, ಕೆಲವೆಡೆ ಕ್ಷೀಣಿಸುತ್ತವೆ. ಅಲೆಯ ಉದ್ದ ಸುಮಾರು 12 ಸೆಂ.ಮೀ. ಹಸಿ ಹಪ್ಪಳ ಇಟ್ಟು ನೋಡಿದವರಿಗೆ ಗೊತ್ತು: ಒಂದು ಕಡೆ ಅರಳಿರುತ್ತದೆ, ಪಕ್ಕದಲ್ಲೇ ಹಸಿಯಾಗಿರುತ್ತದೆ.

ತಟ್ಟೆ ತಿರುಗುವುದು ಇದನ್ನು ಸರಿದೂಗಿಸಲೆಂದೇ. ತಿರುಗದಿದ್ದರೆ ಅದರ ಕೆಳಗಿನ ಚಕ್ರದ ಉಂಗುರ ಸರಿಯಾಗಿ ಕೂತಿದೆಯೇ, ಪಾತ್ರೆ ಗೋಡೆಗೆ ತಾಗುತ್ತಿದೆಯೇ ನೋಡಿ. ಹೊರಕವಚ ಮಾತ್ರ ಬಿಚ್ಚಬೇಡಿ; ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಅನ್ನವನ್ನು ಗುಡ್ಡೆ ಹಾಕದೆ ಹರಡಿ, ಅರ್ಧಕ್ಕೆ ನಿಲ್ಲಿಸಿ ಕಲಸಿ. ಮಗುವಿನ ಹಾಲಿಗೆ ಮೈಕ್ರೋವೇವ್ ಬೇಡವೇ ಬೇಡ ಎನ್ನುತ್ತೇವೆ ನಾವು. ಬಾಟಲಿ ಕೈಗೆ ಬೆಚ್ಚಗಷ್ಟೇ ಅನಿಸಿದರೂ ಒಳಗಿನ ಹಾಲು ಬಾಯಿ ಸುಡುವಷ್ಟು ಬಿಸಿ ಇರಬಹುದು.